ಅನುಮತಿ ಪತ್ರ ತೋರಿಸಿ ಎನ್ನಿ

ನಿಮ್ಮ ಬೀದಿಯ ಹೊಂಗೆಗೆ, ಶಾಲೆಯ ಅಂಗಳದ ನೇರಳೆಗೆ, ಬಸ್ ನಿಲ್ದಾಣಕ್ಕೆ ನೆರಳು ಕೊಡುವ ಮಳೆಮರಕ್ಕೆ ಕಾನೂನಿನ ರಕ್ಷಣೆ ಇದೆಯೇ? ಬಹುಪಾಲು ಇದೆ. ಅದು ನಮಗೆ ಗೊತ್ತಿಲ್ಲ, ಅಷ್ಟೆ. 1976ರಲ್ಲೇ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಮಾಡಿಕೊಂಡಿದೆ. ಅದರ 8ನೇ ಕಲಂ ಪ್ರಕಾರ ವೃಕ್ಷಾಧಿಕಾರಿಯ ಅನುಮತಿ ಪಡೆಯದೆ ಮರ ಕಡಿಯುವಂತಿಲ್ಲ. ನನ್ನ ಸೈಟು, ನಾನೇ ನೆಟ್ಟ ಮರ ಎಂದರೂ ಕೇಳಲೇಬೇಕು. ನೀಲಗಿರಿ, ಸರ್ವೆ, ಸಿಲ್ವರ್ ಓಕ್, ತೆಂಗು, ಸುಬಾಬುಲ್ ಹೀಗೆ ಒಂದಷ್ಟು ಜಾತಿಗಳಿಗೆ ವಿನಾಯಿತಿ ಉಂಟು. ಬೇವು, ಆಲ, ಅತ್ತಿ, ಹುಣಸೆಗಳು ಆ ಸಾಲಿನಲ್ಲಿಲ್ಲ.

ಕೊಡಲಿ ಬಿದ್ದರೆ ಮಾತ್ರ ಕಡಿತ ಎಂದುಕೊಳ್ಳಬೇಡಿ. ಬೇರುಸಹಿತ ಕೀಳುವುದು, ಸುತ್ತಲೂ ತೊಗಟೆ ಸುಲಿಯುವುದು, ವಿಷ ಹಾಕುವುದು, ಸುಡುವುದು ಎಲ್ಲವೂ ಕಾಯ್ದೆಯ ಅರ್ಥದಲ್ಲಿ ಕಡಿತವೇ. ಅಂಗಡಿಯ ಬೋರ್ಡು ಕಾಣುವುದಿಲ್ಲವೆಂದು ಬುಡಕ್ಕೆ ಆ್ಯಸಿಡ್ ಸುರಿದ ಮರ ಆರು ತಿಂಗಳಲ್ಲಿ ಒಣಗುತ್ತದೆ. ಆಮೇಲೆ ‘ಒಣ ಮರ, ಅಪಾಯ’ ಎಂಬ ಅರ್ಜಿ ಬರುತ್ತದೆ. ಹಸಿರಾಗಿದ್ದಾಗ ಅದರ ಫೋಟೊ ತೆಗೆದಿಟ್ಟವರು ಒಬ್ಬರಿದ್ದರೂ ಆ ಅರ್ಜಿ ಅಷ್ಟು ಸಲೀಸಾಗಿ ಪಾಸಾಗದು.

ಕಾಯ್ದೆ ಮರವನ್ನು ತಾನಾಗಿ ಕಾಯುವುದಿಲ್ಲ. ಯಾರಾದರೂ ಕೇಳಿದರೆ ಕಾಯುತ್ತದೆ. ಗರಗಸದವರು ಬಂದು ನಿಂತಾಗ ನಾವು ಕಿಟಕಿಯಿಂದ ನೋಡಿ, ‘ಕಾರ್ಪೊರೇಷನ್ನಿನವರೇ ಇರಬೇಕು, ಪರ್ಮಿಷನ್ ಇದ್ದೇ ಇರುತ್ತೆ’ ಎಂದು ಒಳಗೆ ಹೋಗುತ್ತೇವೆ. ಆ ‘ಇರಬೇಕು’ಗೆ ಎಷ್ಟು ಮರಗಳು ಉರುಳಿಲ್ಲ! ಕೆಳಗಿಳಿದು, ಕೂಲಿಯವರ ಮೇಲೆ ರೇಗದೆ, ಅವರ ಮೇಸ್ತ್ರಿಯನ್ನು ಕರೆದು ಕೇಳಿ: ‘ಕಡಿತಲೆ ಆದೇಶ ಎಲ್ಲಿ? ಯಾವ ಮರಕ್ಕೆ? ಯಾರ ಸಹಿ?’ ರೆಂಬೆ ಸವರಲು ಕೊಟ್ಟ ಅನುಮತಿಯಲ್ಲಿ ಬುಡಕ್ಕೇ ಗರಗಸ ಇಡುವುದನ್ನು ತಡೆಯಲು ಆ ಕಾಗದವನ್ನು ಓದುವವರು ಬೇಕು. ಕಾಗದ ಇಲ್ಲದಿದ್ದರೆ ಅರಣ್ಯ ಇಲಾಖೆಗೂ ಪೊಲೀಸರಿಗೂ ಆಗಲೇ, ಅಲ್ಲೇ ನಿಂತು ಫೋನ್ ಮಾಡಿ.

ಇಷ್ಟಕ್ಕೇ ಎಲ್ಲವೂ ಉಳಿಯುತ್ತದೆ ಎನ್ನಲಾರೆ. 2025ರ ಏಪ್ರಿಲ್‌ನಲ್ಲಿ ಮೈಸೂರಿನ ಹೈದರಾಲಿ ರಸ್ತೆಯಲ್ಲಿ ರಸ್ತೆ ಅಗಲೀಕರಣಕ್ಕಾಗಿ 40 ಮರಗಳನ್ನು ಉರುಳಿಸಿದರು. ಊರು ಎಚ್ಚೆತ್ತು ಬೀದಿಗಿಳಿಯುವ ಹೊತ್ತಿಗೆ ಉಳಿದದ್ದು ಬುಡಗಳು ಮಾತ್ರ. ಸಾರ್ವಜನಿಕ ಕಾಮಗಾರಿಗೆ 50ಕ್ಕಿಂತ ಹೆಚ್ಚು ಮರ ಕಡಿಯುವುದಾದರೆ ಮೊದಲೇ ಪ್ರಕಟಣೆ ಹೊರಡಿಸಿ ಜನರ ಆಕ್ಷೇಪಣೆ ಕೇಳಬೇಕೆಂದು ಕಾಯ್ದೆ ಹೇಳುತ್ತದೆ. ಹಾಗಾದರೆ 40 ಮರಗಳ ಬಗ್ಗೆ ಮಾತಾಡುವ ಹಕ್ಕು ಆ ಬೀದಿಯವರಿಗೆ ಇಲ್ಲವೇ? ಒಂದೇ ಮರದ ನೆರಳಲ್ಲಿ ಚಪ್ಪಲಿ ಹೊಲಿಯುವವನಿಗೆ, ಸೊಪ್ಪು ಮಾರುವವಳಿಗೆ ಆ ಒಂದೇ ಮರ ಪೂರ್ತಿ ಕಾಡು. ಈ ಐವತ್ತರ ಗೆರೆ ಅನ್ಯಾಯದ್ದು. ಅದನ್ನು ಇಳಿಸಿ ಎಂದು ನಿಮ್ಮ ಶಾಸಕರನ್ನು ಕೇಳಿ, ಮತ ಕೇಳಲು ಅವರು ಬಾಗಿಲಿಗೆ ಬಂದಾಗಲೂ ಕೇಳಿ.

ಒಂದು ಮರಕ್ಕೆ ಪ್ರತಿಯಾಗಿ ಇಷ್ಟು ಸಸಿ ನೆಡುತ್ತೇವೆ ಎಂಬ ಸಮಾಧಾನವನ್ನು ನಾನು ಒಪ್ಪುವುದಿಲ್ಲ. ಎಲ್ಲಿ ನೆಟ್ಟಿರಿ, ಎಷ್ಟು ಬದುಕಿವೆ, ತೋರಿಸಿ.

ಹುಲಿಕಲ್ ಮತ್ತು ಕುದೂರಿನ ನಡುವೆ ಸಾಲುಮರದ ತಿಮ್ಮಕ್ಕ ದಂಪತಿ ನೀರು ಹೊತ್ತು ಬೆಳೆಸಿದ ಆಲದ ಮರಗಳನ್ನು ನೆನೆಯಿರಿ. 2019ರಲ್ಲಿ ಪದ್ಮಶ್ರೀ ಪಡೆದ ಆ ಅಜ್ಜಿ ಅದೇ ವರ್ಷ, ರಸ್ತೆ ಅಗಲೀಕರಣದಿಂದ ತಮ್ಮ ಮರಗಳನ್ನು ಉಳಿಸಿಕೊಡಿ ಎಂದು ಸರ್ಕಾರದ ಮುಂದೆ ಬೇಡಿಕೊಳ್ಳಬೇಕಾಯಿತು. ಅಷ್ಟು ದೊಡ್ಡ ಹೆಸರಿದ್ದ ಮರಗಳಿಗೇ ಈ ಗತಿ. ನಿಮ್ಮ ಬೀದಿಯ ಹೊಂಗೆಗೆ ಹೆಸರಿಲ್ಲ, ಅದಕ್ಕಿರುವವರು ನೀವೇ.

ಜನ ಒಟ್ಟಾದರೆ ಸರ್ಕಾರ ಹಿಂದೆ ಸರಿದದ್ದೂ ಇದೆ. ಬೆಂಗಳೂರಿನ ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ ಉಕ್ಕಿನ ಮೇಲ್ಸೇತುವೆ ಕಟ್ಟಲು 812 ಮರಗಳನ್ನು ಕಡಿಯುವ ಯೋಜನೆಯಿತ್ತು. 2016ರ ಅಕ್ಟೋಬರ್‌ನಲ್ಲಿ ಸಾವಿರಾರು ಜನ ರಸ್ತೆಯುದ್ದಕ್ಕೂ ಕೈ ಕೈ ಹಿಡಿದು ನಿಂತರು. ಮರುವರ್ಷದ ಮಾರ್ಚ್‌ನಲ್ಲಿ ಯೋಜನೆಯೇ ರದ್ದಾಯಿತು. ಕೊಡಲಿ ಬರುವ ಮೊದಲೇ ಮರಗಳಿಗೆ ಮಾನ್ಯತೆ ಪಡೆಯುವ ದಾರಿಯೂ ಇದೆ: ದೇವನಹಳ್ಳಿ ಬಳಿಯ ನಲ್ಲೂರಿನ ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ನಿಮ್ಮೂರಿನ ಹಳೆಯ ತೋಪಿಗೆ, ದೇವರಕಾಡಿಗೆ ಅಂಥ ಮಾನ್ಯತೆ ಬೇಕೆಂದು ಗ್ರಾಮಸಭೆಯಲ್ಲಿ ಎದ್ದು ಕೇಳಿದ್ದೀರಾ?

ಮರ ಉಳಿಸುವ ಕೆಲಸ ಅದು ನಿಂತಿರುವಾಗಲೇ ಆಗಬೇಕು. ಭಾನುವಾರ ಮಕ್ಕಳನ್ನು ಕರೆದುಕೊಂಡು ನಿಮ್ಮ ಬೀದಿಯ ಮರಗಳ ಪಟ್ಟಿ ಮಾಡಿ: ಜಾತಿ, ಬುಡದ ಸುತ್ತಳತೆ, ಯಾರ ಮನೆಯ ಮುಂದೆ, ಒಂದು ಫೋಟೊ. ಸೋಮವಾರ ವಲಯ ಅರಣ್ಯಾಧಿಕಾರಿಯ ಕಚೇರಿಗೆ ಹೋಗಿ ನಮ್ಮ ಪ್ರದೇಶದ ವೃಕ್ಷಾಧಿಕಾರಿ ಯಾರು, ಈ ಮರಗಳ ಮೇಲೆ ಕಡಿತಲೆ ಅರ್ಜಿ ಬಂದಿದೆಯೇ ಎಂದು ವಿಚಾರಿಸಿ. ಬಾಯಿಮಾತಿನ ಉತ್ತರಕ್ಕೆ ತೃಪ್ತರಾಗಬೇಡಿ. ಮಾಹಿತಿ ಹಕ್ಕಿನಡಿ ಅರ್ಜಿ ಕೊಡಿ, 30 ದಿನದೊಳಗೆ ಅವರು ಲಿಖಿತವಾಗಿ ಹೇಳಲೇಬೇಕು. ಅರ್ಜಿ ಬಂದಿದ್ದರೆ ಬೀದಿಯವರೆಲ್ಲ ಸಹಿ ಹಾಕಿದ ಆಕ್ಷೇಪಣೆಯನ್ನು ಅಂದೇ ಸಲ್ಲಿಸಿ, ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬನ್ನಿ.