ಬೊಲೊನ್ಯಾ ಮರೆತ ಕೋಚ್

1937ರ ಜೂನ್‌ನಲ್ಲಿ ಪ್ಯಾರಿಸ್ಸಿನ ವಸ್ತುಪ್ರದರ್ಶನದ ಅಂಗವಾಗಿ ಒಂದು ಫುಟ್‌ಬಾಲ್ ಟೂರ್ನಿ ನಡೆಯಿತು. ಫೈನಲ್‌ನಲ್ಲಿ ಇಟಲಿಯ ಬೊಲೊನ್ಯಾ ತಂಡ ಲಂಡನ್ನಿನ ಚೆಲ್ಸಿಯನ್ನು 4-1ರಿಂದ ಮಣಿಸಿತು. ಆ ತಂಡದ ಕೋಚ್ ಹಂಗೆರಿಯ ಯಹೂದಿ ಆರ್ಪಾಡ್ ವೈಸ್. ಏಳು ವರ್ಷ ತುಂಬುವ ಮೊದಲೇ ಅವರು ಆಶ್‌ವಿಟ್ಜ್‌ನಲ್ಲಿ ಸತ್ತರು. ಅವರನ್ನು ಕೊಂದವರು ಯಾರೆಂದು ಎಲ್ಲರಿಗೂ ಗೊತ್ತು. ಅವರ ಹೆಸರನ್ನೇ ಅಳಿಸಿದವರು ಯಾರೆಂಬುದನ್ನು ಮಾತ್ರ ನಾವು ಕೇಳಿದ್ದು ಕಡಿಮೆ.

ವೈಸ್ ಹುಟ್ಟಿದ್ದು 1896ರಲ್ಲಿ, ಸೋಲ್ಟ್ ಎಂಬ ಊರಿನಲ್ಲಿ. ಎಡ ವಿಂಗ್‌ನಲ್ಲಿ ಆಡುತ್ತಿದ್ದರು. ಹಂಗೆರಿಯ ರಾಷ್ಟ್ರೀಯ ತಂಡ ಸೇರಿ 1924ರ ಒಲಿಂಪಿಕ್ಸ್‌ಗೂ ಹೋದರು. ಆಗ ಬುಡಾಪೆಸ್ಟಿನ ಆಟಕ್ಕೆ ಯುರೋಪಿನಲ್ಲೆಲ್ಲ ಬೆಲೆಯಿತ್ತು. ಚೆಂಡನ್ನು ನೆಲಕ್ಕಂಟಿಸಿ ಪಾಸ್ ಮಾಡುತ್ತ ಮುಂದೆ ಸಾಗುವ ಆ ಶೈಲಿಯನ್ನು ಕಲಿಸುವವರಿಗಾಗಿ ಇಟಲಿಯ ಕ್ಲಬ್‌ಗಳು ಹುಡುಕಾಡುತ್ತಿದ್ದವು. ಹೀಗೆ ಹೋದವರಲ್ಲಿ ಯಹೂದಿಗಳು ಬಹಳ ಮಂದಿ. ತಾಯ್ನಾಡಿನಲ್ಲಿ 1920ರಲ್ಲೇ ಅವರ ಮಕ್ಕಳ ಕಾಲೇಜು ಪ್ರವೇಶಕ್ಕೆ ಕಾನೂನು ಕಡಿವಾಣ ಹಾಕಿತ್ತು. ಮುಸೊಲಿನಿಯ ಇಟಲಿಯಲ್ಲಿ ಮೊದಮೊದಲು ಯಾರೂ ಅವರ ಧರ್ಮ ಕೇಳಲಿಲ್ಲ.

ಮಿಲಾನಿನ ಇಂಟರ್ ಕ್ಲಬ್ಬಿನಲ್ಲಿ ಕೋಚ್ ಆದಾಗ ವೈಸ್‌ಗೆ ಮೂವತ್ತರ ಆಸುಪಾಸು. ಕೋಟು ತೊಟ್ಟು ಗೆರೆಯಾಚೆ ನಿಂತು ಅಪ್ಪಣೆ ಕೊಡುವುದು ಆಗಿನ ಕೋಚ್‌ಗಳ ರೂಢಿ. ಇವರು ಚಡ್ಡಿ ಹಾಕಿಕೊಂಡು ಆಟಗಾರರ ನಡುವೆ ಓಡುತ್ತಿದ್ದರು. ಅವರ ಕಣ್ಣಿಗೆ ಬಿದ್ದ ಹುಡುಗ ಜುಸೆಪ್ಪೆ ಮೆಯಾತ್ಸ. ಅಪ್ಪ ಮೊದಲ ಮಹಾಯುದ್ಧದಲ್ಲಿ ತೀರಿಹೋಗಿದ್ದ, ಅಮ್ಮ ಸಂತೆಯಲ್ಲಿ ತರಕಾರಿ ಮಾರುತ್ತಿದ್ದಳು. ಎದುರಾಳಿ ಕ್ಲಬ್ ಮಿಲಾನ್ ಅವನನ್ನು ತೀರಾ ಪೀಚಲು ಎಂದು ವಾಪಸ್ ಕಳಿಸಿತ್ತು. ಎಡಗಾಲು ಪಳಗಲಿ ಎಂದು ವೈಸ್ ಅವನಿಂದ ಗೋಡೆಗೆ ಮತ್ತೆ ಮತ್ತೆ ಚೆಂಡು ಒದೆಸಿದರಂತೆ. 1927ರಲ್ಲಿ, ಹದಿನೇಳರ ವಯಸ್ಸಿನಲ್ಲೇ ಅವನನ್ನು ಮೊದಲ ತಂಡಕ್ಕೆ ಹಾಕಿದಾಗ ಹಿರಿಯ ಆಟಗಾರರು ‘ಬಲಿಲ್ಲಾ’ ಎಂದು ಹಂಗಿಸಿದರು. ಅದು ಶಾಲಾ ಮಕ್ಕಳಿಗಾಗಿ ಇದ್ದ ಫ್ಯಾಸಿಸ್ಟ್ ಸಂಘದ ಹೆಸರು. ಆ ಹುಡುಗ 1929-30ರ ಲೀಗ್‌ನಲ್ಲಿ 31 ಗೋಲು ಹೊಡೆದ. ಇಂಟರ್ ಚಾಂಪಿಯನ್ ಆಯಿತು. ವೈಸ್‌ಗೆ ಆಗ 34 ವರ್ಷ. ಅದೇ ವರ್ಷ ಅವರು ಆಲ್ಡೊ ಮೊಲಿನಾರಿ ಜೊತೆ ಸೇರಿ ಬರೆದ ಫುಟ್‌ಬಾಲ್ ಕೈಪಿಡಿಯೂ ಹೊರಬಂತು.

ಬೊಲೊನ್ಯಾಕ್ಕೆ ಬಂದ ಮೇಲೆ ಅವರು 1936 ಮತ್ತು 1937ರಲ್ಲಿ ಬೆನ್ನುಬೆನ್ನಿಗೆ ಲೀಗ್ ಗೆದ್ದುಕೊಟ್ಟರು. ಐದು ವರ್ಷ ಸತತವಾಗಿ ಗೆದ್ದಿದ್ದ ಜುವೆಂಟಸ್‌ನ ಓಟ ನಿಂತಿತು.

1938ರ ಸೆಪ್ಟೆಂಬರ್‌ನಲ್ಲಿ ಮುಸೊಲಿನಿ ಸರ್ಕಾರ ಕಾನೂನು ತಂದಿತು. 1919ರ ನಂತರ ಬಂದ ವಿದೇಶಿ ಯಹೂದಿಗಳು ಆರು ತಿಂಗಳಲ್ಲಿ ದೇಶ ಬಿಡಬೇಕು, ಯಹೂದಿ ಮಕ್ಕಳು ಸರ್ಕಾರಿ ಶಾಲೆಗೆ ಕಾಲಿಡಬಾರದು. ವೈಸ್ ದಂಪತಿಗೆ ಇಬ್ಬರು ಮಕ್ಕಳು, ಎಂಟು ವರ್ಷದ ರೊಬೆರ್ತೊ ಮತ್ತು ಇನ್ನೂ ಚಿಕ್ಕವಳಾದ ಕ್ಲಾರಾ. ಅಕ್ಟೋಬರ್‌ನಲ್ಲಿ ವೈಸ್ ಕೆಲಸ ಬಿಟ್ಟರು, ಅವರ ಜಾಗಕ್ಕೆ ಆಸ್ಟ್ರಿಯಾದ ಹೆರ್ಮನ್ ಫೆಲ್ಸ್ನರ್ ಬಂದರು. ವೈಸ್ ಕಟ್ಟಿದ ಆ ತಂಡವೇ ಆ ಸಲವೂ ಚಾಂಪಿಯನ್ ಆಯಿತು. ಇಟಲಿಯಲ್ಲಿ ಜರ್ಮನ್ ಸೈನ್ಯ ಬೀಡುಬಿಡುವುದಕ್ಕೆ ಇನ್ನೂ ಐದು ವರ್ಷ ಬಾಕಿಯಿತ್ತು. ಇದು ಇಟಲಿಯವರು ತಾವಾಗಿಯೇ ಮಾಡಿದ ಕೆಲಸ ಎಂಬುದನ್ನು ಒತ್ತಿ ಹೇಳಬೇಕು.

ಗಂಟುಮೂಟೆ ಕಟ್ಟಿಕೊಂಡು ಕುಟುಂಬ ಮೊದಲು ಪ್ಯಾರಿಸ್‌ಗೆ, ಅಲ್ಲಿಂದ ನೆದರ್‌ಲ್ಯಾಂಡ್ಸಿನ ಡೋರ್ಡ್ರೆಕ್ಟ್ ಎಂಬ ಸಣ್ಣ ಊರಿಗೆ ಹೋಯಿತು. ಅಲ್ಲಿನ ಡಿಎಫ್‌ಸಿ ತಂಡ ಕೆಳಗಿನ ದರ್ಜೆಗೆ ಜಾರುವ ಸ್ಥಿತಿಯಲ್ಲಿತ್ತು. ಇಟಲಿಯಲ್ಲಿ ಮೂರು ಸಲ ಲೀಗ್ ಗೆದ್ದಿದ್ದ ಮನುಷ್ಯ ಅದನ್ನು ಮೊದಲು ಉಳಿಸಿದರು, ನಂತರ ಎರಡು ವರ್ಷ ಐದನೇ ಸ್ಥಾನಕ್ಕೆ ತಂದರು. ಅವರ ಹಿರಿಮೆ ನನಗೆ ಹೆಚ್ಚು ಕಾಣುವುದು ಇಲ್ಲಿ. 1941ರ ಸೆಪ್ಟೆಂಬರ್‌ನಲ್ಲಿ, ನೆದರ್‌ಲ್ಯಾಂಡ್ಸನ್ನು ಆಕ್ರಮಿಸಿಕೊಂಡಿದ್ದ ಜರ್ಮನ್ ಆಡಳಿತ ಯಹೂದಿಗಳಿಗೆ ಆಟದ ಮೈದಾನಗಳನ್ನು ಮುಚ್ಚಿತು. 1942ರ ಆಗಸ್ಟ್‌ನಲ್ಲಿ ನಾಲ್ವರನ್ನೂ ಹಿಡಿದೊಯ್ದರು. ಅಕ್ಟೋಬರ್ 5ರಂದು ಹೆಂಡತಿ ಎಲೆನಾ, ಹನ್ನೆರಡರ ರೊಬೆರ್ತೊ, ಎಂಟರ ಕ್ಲಾರಾ ಆಶ್‌ವಿಟ್ಜ್‌ನ ವಿಷಾನಿಲಕ್ಕೆ ಬಲಿಯಾದರು. ಜೀತದ ದುಡಿಮೆಗೆಂದು ದಾರಿಯಲ್ಲೇ ಇಳಿಸಿಕೊಂಡಿದ್ದ ವೈಸ್ 1944ರ ಜನವರಿ 31ರಂದು ಆಶ್‌ವಿಟ್ಜ್‌ನಲ್ಲೇ ಕೊನೆಯುಸಿರೆಳೆದರು.

ಸರ್ವಾಧಿಕಾರಿಯ ಕಾಲದಲ್ಲಿ ಜನ ಬಾಯಿಗೆ ಬೀಗ ಹಾಕಿಕೊಂಡಿದ್ದರು ಎನ್ನೋಣ. ಆ ಭಯ ನನಗೆ ಅರ್ಥವಾಗುತ್ತದೆ. 1945ರ ನಂತರ ಯಾವ ಭಯವಿತ್ತು? ಮಿಲಾನಿನ ಕ್ರೀಡಾಂಗಣಕ್ಕೆ ಮೆಯಾತ್ಸ ಹೆಸರಿಟ್ಟರು, ಬೊಲೊನ್ಯಾದ್ದಕ್ಕೆ ಅಂದಿನ ಕ್ಲಬ್ ಅಧ್ಯಕ್ಷ ರೆನಾಟೊ ದಲ್ಲಾರಾ ಹೆಸರಿಟ್ಟರು. ವೈಸ್ ಏನಾದರು ಎಂದು ಹುಡುಕಲು 2007ರಲ್ಲಿ ಪತ್ರಕರ್ತ ಮತ್ತೆಯೊ ಮರಾನಿ ಪುಸ್ತಕ ಬರೆಯುವವರೆಗೆ ಕಾಯಬೇಕಾಯಿತು. ಇದು ಬರೀ ಮರೆವು ಎಂದು ನಾನು ಒಪ್ಪಲಾರೆ. ವೈಸ್‌ರನ್ನು ನೆನೆದರೆ 1938ನ್ನೂ ನೆನೆಯಬೇಕಾಗುತ್ತದೆ. ಕೆಲಸ ಕಿತ್ತುಕೊಂಡವರು, ಶಾಲೆಯ ಬಾಗಿಲು ಹಾಕಿದವರು, ನೋಡಿ ಸುಮ್ಮನಿದ್ದವರು ಎಲ್ಲರೂ ಮನೆಯವರೇ ಎಂದು ಒಪ್ಪಬೇಕಾಗುತ್ತದೆ. ಎಲ್ಲ ತಪ್ಪನ್ನೂ ಜರ್ಮನಿಯ ಲೆಕ್ಕಕ್ಕೆ ಬರೆಯುವುದು ಸುಲಭ.

2009ರಲ್ಲಿ ಬೊಲೊನ್ಯಾದ ಕ್ರೀಡಾಂಗಣದಲ್ಲಿ ಅವರ ಹೆಸರಿನ ಫಲಕ ಬಂತು. 2018ರಲ್ಲಿ ಒಂದು ಸ್ಟ್ಯಾಂಡಿಗೂ ಅವರ ಹೆಸರಿಟ್ಟರು. ಒಳ್ಳೆಯದಾಯಿತು. ಆದರೆ ಅವರ ಮಾತು ಬರುವುದು ಹೆಚ್ಚಾಗಿ ಜನವರಿಯ ಹತ್ಯಾಕಾಂಡ ಸ್ಮರಣೆಯ ದಿನದಲ್ಲಿ, ಅದೂ ಸತ್ತ ಯಹೂದಿಯಾಗಿ. ಕೋಚ್‌ಗಳ ತರಬೇತಿಯಲ್ಲಿ ಅವರ ಕೈಪಿಡಿಯ ಮೇಲೆ ಪಾಠವಾಗಲಿ, ಮೆಯಾತ್ಸನ ಗೋಲುಗಳ ಕಥೆಯಲ್ಲಿ ಅವರ ಹೆಸರು ಬರಲಿ. ಆ ಫಲಕದ ಮುಂದೆ ನಿಂತು ಮಕ್ಕಳಿಗೆ ಆಶ್‌ವಿಟ್ಜ್ ಬಗ್ಗೆ ಹೇಳುವವರು, 1938ರ ಅಕ್ಟೋಬರ್‌ನಲ್ಲಿ ಅದೇ ಮೈದಾನದಲ್ಲಿ ಏನಾಯಿತೆಂದೂ ಹೇಳಲಿ.