ಗಾಳಿಯ ಲೆಕ್ಕ

‘ಗಾಳಿ ಬಂದಾಗ ತೂರಿಕೊ’ ಎಂಬುದು ಕಣದಲ್ಲಿ ಮೊರ ಹಿಡಿದು ನಿಂತ ರೈತನಿಗೆ ಹೇಳಿದ ಬುದ್ಧಿ. ಏರ್ ರೈಫಲ್ ಹಿಡಿದು ಬಯಲಿನಲ್ಲಿ ಕುಳಿತ ಗುರಿಕಾರನಿಗೆ ಅದು ಸಲ್ಲದು. ಒಂದೇ ಸಮನೆ ಬೀಸುವ ಗಾಳಿಯನ್ನಾದರೂ ಅವನು ಹೇಗೋ ಸಹಿಸಿಯಾನು. ಬೀಸಿ ನಿಂತು, ನಿಂತು ಬೀಸುವ ಗಾಳಿ ಮಾತ್ರ ಅವನ ಪಾಲಿನ ಶನಿ.

ಏರ್ ರೈಫಲ್ ಎಂದೊಡನೆ 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಗೆದ್ದ ಚಿನ್ನದ ಪದಕ ವಾಚಕರಿಗೆ ನೆನಪಾಗುವುದು ಸಹಜ. ಆ ಸ್ಪರ್ಧೆಯ ದೂರ 10 ಮೀಟರು. ನಡೆದದ್ದು ಕಟ್ಟಡದ ಒಳಗೆ. ಗಾಳಿಗೆ ಅಲ್ಲಿ ಪ್ರವೇಶವೇ ಇಲ್ಲ. ಇಂಗ್ಲೆಂಡಿನಲ್ಲಿ 1980ರ ಸುಮಾರಿಗೆ ರೂಢಿಗೆ ಬಂದ ‘ಫೀಲ್ಡ್ ಟಾರ್ಗೆಟ್’ ಎಂಬ ಆಟದ ಸಂಗತಿಯೇ ಬೇರೆ. ಇದರಲ್ಲಿ ತೋಪು, ಹುಲ್ಲುಗಾವಲುಗಳ ನಡುವೆ ಇಲಿ, ಮೊಲ, ಕಾಗೆಗಳ ಆಕಾರದ ಲೋಹದ ತಗಡುಗಳನ್ನು ನಿಲ್ಲಿಸಿರುತ್ತಾರೆ. ತಗಡಿನಲ್ಲೊಂದು ದುಂಡನೆಯ ರಂಧ್ರ. ಗುಂಡು ಅದನ್ನು ಹಾಯ್ದು ಹಿಂದಿನ ಬಿಲ್ಲೆಗೆ ಬಡಿದರೆ ತಗಡು ಮಗುಚಿ ಬೀಳುತ್ತದೆ. ತಗಡಿಗೇ ಬಡಿದರೆ ‘ಠಣ್’ ಎಂಬ ಸದ್ದಷ್ಟೇ ಲಾಭ. ಅತಿ ದೂರದ ಗುರಿ 55 ಗಜ, ಎಂದರೆ ಸುಮಾರು 50 ಮೀಟರು. ಅಲ್ಲಿ ರಂಧ್ರದ ಅಗಲ 40 ಮಿಲಿಮೀಟರು.

ಮದ್ದಿನ ಬಂದೂಕಿಗೆ 50 ಮೀಟರು ದೂರವೇ ಅಲ್ಲ. ಆದರೆ ಈ ರೈಫಲ್ಲಿನ ಸೀಸದ ಗುಂಡಿನ ತೂಕ ಅರ್ಧ ಗ್ರಾಮಿನಷ್ಟು. ನಳಿಗೆಯನ್ನು ಬಿಡುವಾಗ ವೇಗ ಸೆಕೆಂಡಿಗೆ ಸುಮಾರು 240 ಮೀಟರು. ಸೊಂಟ ಸಣ್ಣಗಾಗಿ, ಕೆಳಭಾಗ ಲಂಗದಂತೆ ಅರಳಿದ ಆಕಾರ ಅದರದು. ಗುರಿ ಮುಟ್ಟುವಷ್ಟರಲ್ಲಿ ವಾಯುವಿನ ತಡೆಗೆ ಸಿಕ್ಕಿ ವೇಗದ ಸುಮಾರು ಕಾಲುಭಾಗ ಕರಗಿಹೋಗಿರುತ್ತದೆ. ಅಡ್ಡಗಾಳಿ ಅದನ್ನು ಎಷ್ಟು ಸರಿಸೀತೆಂಬುದು ಗುಂಡು ಎಷ್ಟು ಹೊತ್ತು ಹಾರಿತೆಂಬುದಕ್ಕಿಂತ, ಈ ತಡೆಯಿಂದ ಅದಕ್ಕೆ ಎಷ್ಟು ತಡವಾಯಿತೆಂಬುದನ್ನು ಅವಲಂಬಿಸಿದೆ. ಗಂಟೆಗೆ 10 ಕಿಲೋಮೀಟರು ವೇಗದ ಗಾಳಿಯೆಂದರೆ ಮರದ ಎಲೆ ಅಲುಗಿಸುವಷ್ಟರದು. ಅಡ್ಡವಾಗಿ ಬೀಸಿದರೆ ಅದೇ ಗುಂಡನ್ನು 8–9 ಸೆಂಟಿಮೀಟರು ಪಕ್ಕಕ್ಕೆ ಒಯ್ಯುತ್ತದೆ. ರಂಧ್ರದ ಅಗಲದ ಎರಡರಷ್ಟು! ಅದೇ ಗಾಳಿ ಗುಂಡಿನ ಹಾದಿಗೆ 30 ಡಿಗ್ರಿ ಓರೆಯಾಗಿ ಬೀಸಿದರೆ ಸರಿತ ಅರ್ಧಕ್ಕಿಳಿಯುತ್ತದೆ. ಗಾಳಿ ದಿಕ್ಕು ಬದಲಿಸಿದ್ದನ್ನು ಗಮನಿಸದವನಿಗೆ ವೇಗದ ಅಂದಾಜು ಎಷ್ಟು ಸರಿಯಾಗಿದ್ದರೇನು?

ಬಹುಮಂದಿ ಅಭ್ಯಾಸಕ್ಕೆ ಆರಿಸಿಕೊಳ್ಳುವುದು ಎಲೆ ಅಲುಗದ ಮುಂಜಾವನ್ನು. ದುರ್ಬೀನನ್ನು ನಳಿಗೆಯೊಡನೆ ಹೊಂದಿಸಲು ಆ ಹೊತ್ತು ಉತ್ತಮವೇ. ಆದರೆ ನಿಂತ ನೀರಿನಲ್ಲಿ ಈಜು ಕಲಿತು ಪ್ರವಾಹಕ್ಕೆ ಇಳಿದವನ ಪಾಡು ಸ್ಪರ್ಧೆಯ ದಿನ ಅವರದಾಗುತ್ತದೆ. ಇದಕ್ಕಿಂತ ಕೆಟ್ಟ ಅಭ್ಯಾಸವೊಂದುಂಟು: ಗುಂಡು ಪಕ್ಕಕ್ಕೆ ಹೋದೊಡನೆ ದುರ್ಬೀನಿನ ತಿರುಪಿಗೆ ಕೈಹಾಕುವುದು. ಗಾಳಿಯ ತಪ್ಪಿಗೆ ದುರ್ಬೀನಿಗೆ ಶಿಕ್ಷೆ! ಗಾಳಿ ನಿಂತ ಮೇಲೆ ಗುಂಡು ಇನ್ನೊಂದು ಪಕ್ಕಕ್ಕೆ ಹೋಗುತ್ತದೆ. ತಿರುಪು ಮತ್ತೆ ತಿರುಗುತ್ತದೆ. ಸಂಜೆಯ ಹೊತ್ತಿಗೆ ಯಾವುದನ್ನು ನಂಬಬೇಕೆಂಬುದೇ ತಿಳಿಯದಾಗುತ್ತದೆ.

ಬಲ್ಲವರು ತಿರುಪನ್ನು ಮುಟ್ಟದೆ, ಗಾಳಿ ಬರುವ ಪಕ್ಕಕ್ಕೆ ಗುರಿಯನ್ನೇ ಸರಿಸಿ ಹಿಡಿಯುತ್ತಾರೆ. ಎಷ್ಟು ಸರಿಸಬೇಕೆಂಬುದಕ್ಕೆ ಸಾಕ್ಷಿಗಳು ಹಲವು. ನಳಿಗೆಯ ತುದಿಗೆ ಕಟ್ಟಿದ ಉಣ್ಣೆಯ ಎಳೆ ಇಲ್ಲಿಯ ಗಾಳಿಯನ್ನು ಹೇಳುತ್ತದೆ. ಬಿದ್ದ ತಗಡನ್ನು ಎಳೆದು ನಿಲ್ಲಿಸಲೆಂದು ಗುರಿಯಿಂದ ಗುರಿಕಾರನವರೆಗೆ ಹಾಸಿದ ದಾರ ಹಾದಿಯುದ್ದದ ಗಾಳಿಯನ್ನು ಹೇಳುತ್ತದೆ. ಗುರಿಯ ಬಳಿಯ ಹುಲ್ಲು ಅಲ್ಲಿಯದನ್ನು. ಈ ಮೂರೂ ಒಂದೇ ಮಾತಾಡುವ ದಿನ ಅಪರೂಪ. ಭಿನ್ನಾಭಿಪ್ರಾಯ ಬಂದರೆ ಹತ್ತಿರದ ಸಾಕ್ಷಿಗೇ ಹೆಚ್ಚು ಬೆಲೆ: ಆರಂಭದಲ್ಲೇ ದಾರಿ ತಪ್ಪಿದ ಗುಂಡು ಮುಂದಿನ ದೂರವನ್ನೆಲ್ಲ ತಪ್ಪಿದ ದಾರಿಯಲ್ಲೇ ಕ್ರಮಿಸುತ್ತದಲ್ಲವೆ?

ಅಭ್ಯಾಸದಲ್ಲಿ ತಗಡಿಗಿಂತ ಕಾಗದದ ಗುರಿ ಒಳ್ಳೆಯ ಗುರು. ಗುಂಡು ಹಾರಿಸುವ ಮುನ್ನವೇ ‘ಎಡದಿಂದ, 4 ಸೆಂಟಿಮೀಟರು’ ಎಂದು ಪುಸ್ತಕದಲ್ಲಿ ಬರೆದಿಡಬೇಕು. ಆಮೇಲೆ ತೂತನ್ನು ಅಳೆಯಬೇಕು. ಮೊದಲೇ ಬರೆಯದವನು ಪ್ರತಿ ತಪ್ಪಿಗೂ ಗಾಳಿಯ ಮೇಲೆ ದೂರು ಹೊರಿಸುತ್ತಾನೆ, ಮನುಷ್ಯಸ್ವಭಾವವೇ ಹಾಗೆ. ತೂತುಗಳು ಅಡ್ಡಲಾಗಿ ಚದರಿದ್ದರೆ ಗಾಳಿಯ ಓದು ತಪ್ಪಿದೆ. ಮೇಲೆ ಕೆಳಗೆ ಚದರಿದ್ದರೆ ಗುರಿಕಾರನ ಉಸಿರು, ಹಿಡಿತ ಅಥವಾ ರೈಫಲ್ಲನ್ನೇ ಹೆಚ್ಚಾಗಿ ಶಂಕಿಸಬೇಕು.

ಇನ್ನು ಕಾಯುವ ಪ್ರಶ್ನೆ. ಎರಡು ಬೀಸುಗಳ ನಡುವಣ ನಿಶ್ಶಬ್ದಕ್ಕೆ ಕಾಯುವುದು ಜಾಣತನವೆಂದು ತೋರುತ್ತದೆ. ಆದರೆ ಆ ನಿಶ್ಶಬ್ದ ಬೆರಳು ಬಿಗಿಯುವಷ್ಟರಲ್ಲೇ ಮುರಿಯಬಹುದು. ಹೆಚ್ಚು ಹೊತ್ತು ನಿಲ್ಲುವ ನಡುಗಾಳಿಯನ್ನು ಗುರುತಿಸಿಕೊಂಡು, ಅದು ಮರಳಿದಾಗ ಹೊಡೆಯುವುದು ಮೇಲು. ಹಾಗೆಂದು ರೈಫಲ್ಲನ್ನು ಹೆಗಲಿಗೇರಿಸಿಕೊಂಡೇ ಕಾದರೆ ತೋಳು ನಡುಗತೊಡಗುತ್ತದೆ. ಒಮ್ಮೆ ಇಳಿಸಿ, ಉಸಿರೆಳೆದು, ಉಣ್ಣೆಯ ಎಳೆಯನ್ನು ಇನ್ನೊಮ್ಮೆ ನೋಡಿ ಎತ್ತಿಕೊಳ್ಳುವುದಕ್ಕೆ ಸ್ಪರ್ಧೆಯ ಗಡಿಯಾರ ಓಡುತ್ತಿದ್ದರೂ ಸಾಮಾನ್ಯವಾಗಿ ಸಮಯವಿರುತ್ತದೆ.

ಮನೆಯ ಮಾಳಿಗೆಯಾಗಲಿ ಹಿತ್ತಲಾಗಲಿ ಈ ಅಭ್ಯಾಸಕ್ಕೆ ತಕ್ಕ ಸ್ಥಳವಲ್ಲ. ಗುರಿ ತಪ್ಪಿದ ಗುಂಡು ನೂರಾರು ಮೀಟರು ಹೋಗಬಲ್ಲದು. ಗುರಿಯ ಹಿಂದೆ ಮಣ್ಣಿನ ದಿಬ್ಬ, ಸುತ್ತ ಜನಸಂಚಾರವಿಲ್ಲದ ಶೂಟಿಂಗ್ ಮೈದಾನ, ಬಲ್ಲವರೊಬ್ಬರ ಮೇಲ್ವಿಚಾರಣೆ, ಇಷ್ಟಿದ್ದರೆ ಮಾತ್ರ ರೈಫಲ್ಲನ್ನು ಚೀಲದಿಂದ ಹೊರತೆಗೆಯತಕ್ಕದ್ದು.