ಪೇಡೆ ಎಷ್ಟು ದಿನ ಇರುತ್ತದೆ?

“ಮುತ್ಯಾ, ಮುಂಜಾನಿ ತಂದ ಹಾಲು ಸಂಜೀಕ ಒಡೀತದ. ಅದೇ ಹಾಲಿನ ಪೇಡೆ ನಾಕ್ ದಿನ ಆದ್ರೂ ಯಾಕ ಕೆಡಂಗಿಲ್ಲ?”

ಕೇಳಿದವಳು ನಮ್ಮ ಓಣಿಯ ಆರನೇ ತರಗತಿಯ ಹುಡುಗಿ. ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನು, ಅಡುಗೆ ಮನೆ ನನ್ನ ಖಾತೆಯಲ್ಲ. ಆದರೆ ಈ ಪ್ರಶ್ನೆಗೆ ಉತ್ತರ ಇರುವುದು ಲೆಕ್ಕದಲ್ಲೇ.

ಮಕ್ಕಳೇ, ಪೆನ್ಸಿಲ್ ತೆಗೆದುಕೊಳ್ಳಿ. ಎಮ್ಮೆ ಹಾಲಿನ 100 ಪಾಲಿನಲ್ಲಿ ಸುಮಾರು 83 ಪಾಲು ನೀರು. ಬೆಣ್ಣೆ, ಸಕ್ಕರೆ, ಸತ್ವ ಎಲ್ಲ ಸೇರಿ ಉಳಿದದ್ದು 17. ಎರಡು ಲೀಟರ್ ಹಾಲನ್ನು ಕುದಿಸಿ ಕುದಿಸಿ ಖೋವಾ ಮಾಡಿದರೆ ಕೈಗೆ ಸಿಗುವುದು 400ರಿಂದ 450 ಗ್ರಾಂ. ಅಂದರೆ ಒಂದೂವರೆ ಕಿಲೋಗಿಂತ ಹೆಚ್ಚು ನೀರು ಹಬೆಯಾಗಿ ಅಡುಗೆ ಮನೆಯ ಕಿಟಕಿಯಿಂದ ಹೊರಗೆ ಹೋಯಿತು! ಹಾಲನ್ನು ಕೆಡಿಸುವ ಸೂಕ್ಷ್ಮಜೀವಿಗಳಿಗೂ ನಮ್ಮಂತೆ ನೀರು ಬೇಕು. ನೀರು ಹೋಯಿತೆಂದರೆ ಅವುಗಳ ಆಟ ನಿಧಾನವಾಗುತ್ತದೆ. ಉಳಿದ ಚೂರು ನೀರನ್ನು ಸಕ್ಕರೆ ಹಿಡಿದಿಟ್ಟುಕೊಳ್ಳುತ್ತದೆ.

ಕಮಲಾಪುರದಲ್ಲಿ ನನ್ನ ತಂಗಿಯ ಮನೆ. ಕೆಂಪು ಬಾಳೆಹಣ್ಣಿಗೆ ಹೆಸರಾದ ಊರು ಅದು, ಆದರೆ ಇವತ್ತಿನ ಮಾತು ಅವಳ ಎಮ್ಮೆಯದು. ಎಮ್ಮೆ ಈದ ಹೊಸದರಲ್ಲಿ ಮನೆ ಮಂದಿ ಕುಡಿದು, ಹೆಪ್ಪು ಹಾಕಿ, ಬೆಣ್ಣೆ ಕಡೆದರೂ ಹಾಲು ಉಳಿಯುತ್ತದೆ. ಬೇಸಿಗೆಯಲ್ಲಿ 42 ಡಿಗ್ರಿ ಮುಟ್ಟುವ ನಮ್ಮ ಸೀಮೆಯಲ್ಲಿ, ಕ್ಯಾನಿನ ಹಾಲು ಬಸ್ಸು ಹತ್ತಿ ಕಲಬುರಗಿ ಮುಟ್ಟುವಷ್ಟರಲ್ಲಿ ಒಡೆದರೂ ಒಡೆಯಿತು. ಖೋವಾ ಹಾಗಲ್ಲ. ಅದು ಹಾಲಿಗಿಂತ ಹಗುರ, ಚೆಲ್ಲುವ ಭಯವಿಲ್ಲ, ಅರ್ಧ ದಿನ ತಡೆಯುತ್ತದೆ. ಹಳ್ಳಿಯ ಹಾಲು ಪಟ್ಟಣದ ಮಿಠಾಯಿಯಾದ ದಾರಿ ಇದೇ.

ತಂಗಿ ಮಾಡುವ ಕ್ರಮ ಹೇಳುತ್ತೇನೆ. ದಪ್ಪ ತಳದ ಅಗಲ ಕಡಾಯಿ. ಅಗಲವಿದ್ದಷ್ಟೂ ನೀರು ಬೇಗ ಹೋಗುತ್ತದೆ. ಹಾಲು ಉಕ್ಕಿದ ಮೇಲೆ ಉರಿ ಇಳಿಸಿ, ಕಟ್ಟಿಗೆಯ ಸವಟಿನಿಂದ ತಳ ಕೆರೆಯುತ್ತಲೇ ಇರಬೇಕು. ಅಂಚಿಗೆ ಅಂಟಿದ ಕೆನೆಯನ್ನೂ ಒಳಕ್ಕೆ ಎಳೆಯಬೇಕು. ಒಂದು ತಾಸು ಹಿಡಿಯುತ್ತದೆ. ನಡುವೆ ಫೋನ್ ಬಂದರೆ ಎತ್ತಬಾರದು, ತಳ ಹತ್ತಿದ ಖೋವಾಕ್ಕೆ ಮದ್ದಿಲ್ಲ. ಕೊನೆಗೆ ಅದು ಕಡಾಯಿ ಬಿಟ್ಟು ಒಂದೇ ಮುದ್ದೆಯಾಗುತ್ತದೆ. ಮಕ್ಕಳು ಆಗ ದೂರ ನಿಲ್ಲಬೇಕು, ಗಟ್ಟಿಯಾಗುವ ಹಾಲು ಸಿಡಿಯುತ್ತದೆ. ಮುದ್ದೆ ಉಗುರು ಬೆಚ್ಚಗಾದ ಮೇಲೆ 130 ಗ್ರಾಂ ಪುಡಿ ಸಕ್ಕರೆ, ಯಾಲಕ್ಕಿ ಹಾಕಿ ನಾದುತ್ತಾಳೆ. ಬಿಸಿಯಿದ್ದಾಗ ಸಕ್ಕರೆ ಹಾಕಿದರೆ ಅದು ಕರಗಿ ಖೋವಾ ನೀರಾಗುತ್ತದೆ, ಮತ್ತೆ ಕಾಯಿಸಬೇಕು.

ಧಾರವಾಡದವರು ಖೋವಾವನ್ನು ಇನ್ನೂ ಹುರಿದು ಕಂದು ಮಾಡುತ್ತಾರೆ. ನೀರು ಮತ್ತಷ್ಟು ಹೋಗುವುದರಿಂದ ಆ ಪೇಡೆ ನಮ್ಮ ಬಿಳಿ ಪೇಡೆಗಿಂತ ಹೆಚ್ಚು ದಿನ ತಡೆಯುತ್ತದೆ. ಬೆಳಗಾವಿಯ ಕುಂದಾ ಮೆತ್ತಗೆ, ಅದನ್ನು ಬೇಗ ತಿಂದು ಮುಗಿಸುವುದೇ ಒಳ್ಳೆಯದು. ಅದೇನು ಕಷ್ಟದ ಕೆಲಸವೂ ಅಲ್ಲ.

ಸಮುದ್ರದಾಚೆಯೂ ಎಮ್ಮೆ ಸಾಕಿದವರು ಇದೇ ದಾರಿ ಹಿಡಿದಿದ್ದಾರೆ. ಫಿಲಿಪೀನ್ಸ್ ದೇಶದ ಬುಲಕಾನ್ ಪ್ರಾಂತ್ಯದಲ್ಲಿ ಸಾನ್ ಮಿಗೆಲ್ ಎಂಬ ಊರಿದೆ. ಅಲ್ಲಿ ಎಮ್ಮೆಗೆ ‘ಕಲಬಾವ್’ ಅನ್ನುತ್ತಾರೆ. ಕೇಳಿದರೆ ನಮ್ಮ ಕಲಬುರಗಿಯ ತಮ್ಮನಂತಿದೆ! ಆ ಎಮ್ಮೆಯ ಹಾಲು, ಸಕ್ಕರೆ ಎರಡನ್ನೇ ಕಾಯಿಸಿ ಗಟ್ಟಿ ಮಾಡಿ, ಬೆರಳಿನಂತೆ ಹೊಸೆದು, ಸಕ್ಕರೆಯಲ್ಲಿ ಹೊರಳಿಸುತ್ತಾರೆ. ಹೆಸರು ‘ಪಾಸ್ತಿಲ್ಯಾಸ್’. ಒಂದೊಂದನ್ನೂ ಬೇರೆ ಬೇರೆ ಕಾಗದದಲ್ಲಿ ಸುತ್ತುತ್ತಾರೆ. ಆ ತೆಳು ಬಣ್ಣದ ಕಾಗದಕ್ಕೆ ಉದ್ದ ಬಾಲ ಬಿಟ್ಟು, ಸಣ್ಣ ಕತ್ತರಿಯಿಂದ ಹೂವು, ಮನೆ, ಅಕ್ಷರಗಳನ್ನು ಕತ್ತರಿಸುವ ಕಲೆಯೂ ಅಲ್ಲಿದೆ. ಅದಕ್ಕೆ ‘ಪಬಲಾತ್’ ಎಂದು ಹೆಸರು. ನೋಡಲು ಚೆಂದ, ಉಪಯೋಗವೂ ಉಂಟು: ಒಂದಕ್ಕೊಂದು ಅಂಟುವುದಿಲ್ಲ, ಹತ್ತು ಕೈ ತಾಗುವುದಿಲ್ಲ. ನೀವೂ ಮಾಡಬಹುದು. ಒಳಗೆ ಬೆಣ್ಣೆ ಕಾಗದ, ಹೊರಗೆ ಬಣ್ಣದ ಕಾಗದ. ದಿನಪತ್ರಿಕೆ ಮಾತ್ರ ಬೇಡ, ಅದರ ಮಸಿ ಹೊಟ್ಟೆಗೆ ಹೋಗುವಂಥದ್ದಲ್ಲ.

ಇನ್ನು ಇಡುವ ಮಾತು. ಬೆಚ್ಚಗಿನ ಪೇಡೆಗೆ ಮುಚ್ಚಳ ಹಾಕಬೇಡಿ. ಹಬೆ ಮುಚ್ಚಳಕ್ಕೆ ತಾಗಿ ಹನಿಯಾಗಿ ಬೀಳುತ್ತದೆ, ಕಷ್ಟಪಟ್ಟು ಹೊರಗೆ ಹಾಕಿದ ನೀರು ತಿರುಗಿ ಜಮಾ ಆಗುತ್ತದೆ. ಫ್ರಿಜ್ಜಿನಿಂದ ತೆಗೆದ ಡಬ್ಬಿಯನ್ನೂ ತಣ್ಪು ಇಳಿಯುವ ತನಕ ತೆರೆಯಬಾರದು, ಪೇಡೆ ಬೆವರುತ್ತದೆ. ಒದ್ದೆ ಕೈ ಹಾಕಬಾರದು. ಬೇಸಿಗೆಯಲ್ಲಿ ಮನೆಯ ಬಿಳಿ ಪೇಡೆಯನ್ನು ಹೊರಗೆ ಎರಡು ದಿನದ ಮೇಲೆ ನಾನು ನಂಬುವುದಿಲ್ಲ. ಫ್ರಿಜ್ಜಿನಲ್ಲಿ ಒಂದು ವಾರ. ಅಂಗಡಿಯ ಬಿಡಿ ಮಿಠಾಯಿಗೆ ಎಂದಿನೊಳಗೆ ತಿನ್ನಬೇಕೆಂಬ ತಾರೀಕನ್ನು ಗಿರಾಕಿಗೆ ಕಾಣುವಂತೆ ಬರೆಯಬೇಕೆಂಬ ನಿಯಮ 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿತ್ತು. ಮಕ್ಕಳೇ, ಮುಂದಿನ ಸಲ ಆ ಚೀಟಿ ಇದ್ದರೆ ಓದಿ ಹೇಳುವ ಕೆಲಸ ನಿಮ್ಮದು. ಮುತ್ಯಾನ ಚಾಳೀಸು ಮನೆಯಲ್ಲೇ ಉಳಿದಿರುತ್ತದೆ.

ಈಗ ನನ್ನ ವಯಸ್ಸಿನವರ ಜೊತೆ ಎರಡು ಮಾತು. ನಾವು ಪೇಡೆಯನ್ನು ಯಾಕೆ ಕಾದಿಡುತ್ತೇವೆ ಎಂಬುದು ನಮಗೆ ಗೊತ್ತು. “ಶನಿವಾರ ಬರ್ತೀವಿ” ಎಂದು ಬೆಂಗಳೂರಿನಿಂದ ಫೋನ್ ಬರುತ್ತದೆ. ಆಮೇಲೆ ರಜೆ ಸಿಗಲಿಲ್ಲ, ಮುಂದಿನ ಶನಿವಾರ ಎಂದಾಗುತ್ತದೆ. ಡಬ್ಬಿ ಕಪಾಟಿನಲ್ಲೇ ಇರುತ್ತದೆ. ಮೂರನೇ ವಾರಕ್ಕೆ ಪೇಡೆಯ ಮೇಲೆ ಬೂಸ್ಟು. ಅದನ್ನು ಒರೆಸಿ, ಚೆಲ್ಲಲು ಮನಸ್ಸಿಲ್ಲದೆ ನಾವೇ ತಿನ್ನುತ್ತೇವೆ. ಬೇಡಿರಿ. ಬೂಸ್ಟಿನ ಬೇರು ಒಳಗೂ ಇಳಿದಿರುತ್ತದೆ, ಎಪ್ಪತ್ತರ ಹೊಟ್ಟೆ ಅದನ್ನು ತಡೆಯುವುದಿಲ್ಲ. ಮೊಮ್ಮಕ್ಕಳಿಗಂತೂ ಕೊಡಲೇಬಾರದು.

ನನ್ನ ತಂಗಿ ಪೇಡೆ ಕಾದಿಡುವುದನ್ನೇ ಬಿಟ್ಟಿದ್ದಾಳೆ. ಸಕ್ಕರೆ ಹಾಕದ ಖೋವಾವನ್ನು ಕಾಲು ಕಿಲೋದ ಗಂಟು ಮಾಡಿ, ಗಾಳಿ ಹೋಗದಂತೆ ಸುತ್ತಿ, ಮೇಲೆ ತಾರೀಕು ಬರೆದು ಫ್ರೀಜರಿನಲ್ಲಿ ಇಡುತ್ತಾಳೆ. ಒಂದು ತಿಂಗಳು ನಿಶ್ಚಿಂತೆ. ಮಕ್ಕಳು ರೈಲು ಹತ್ತಿದರೆಂದು ಫೋನ್ ಬಂದ ಮೇಲೆ ಒಂದು ಗಂಟು ಕೆಳಗೆ, ಫ್ರಿಜ್ಜಿಗೆ ಇಳಿಯುತ್ತದೆ. ಬೆಳಗ್ಗೆ ಅದನ್ನು ತುಸು ಬೆಚ್ಚಗೆ ಮಾಡಿ, ಆರಿದ ಮೇಲೆ ಸಕ್ಕರೆ ನಾದುವವರು, ಪೇಡೆ ತಟ್ಟುವವರು ಮೊಮ್ಮಕ್ಕಳೇ. ಅವರ ಪೇಡೆ ಒಂದು ದೊಡ್ಡದು, ಒಂದು ಸಣ್ಣದು, ನಡುವೆ ಹೆಬ್ಬೆರಳಿನ ಗುರುತು. ಸಂಜೆ ತನಕ ಉಳಿದರೆ ತಾನೇ ಇಡುವ ಮಾತು.